ಪಾಸ್ತಾ ಬಸಿಯುವ ಸ್ಟೀಲ್ ಪಾತ್ರೆ: ಮೊದಲು ನೋಡಬೇಕಾದ್ದು ಮುಚ್ಚಳ

ನೀರು ಬಸಿಯಲು ಅಂಚಿನಲ್ಲಿ ತೂತುಗಳಿರುವ ಮುಚ್ಚಳದ ಸ್ಟೇನ್‌ಲೆಸ್ ಸ್ಟೀಲ್ ಪಾಸ್ತಾ ಪಾತ್ರೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ನಾವು ಮನೆಯಲ್ಲಿ ನಾಲ್ಕು ಜನ. ಎಷ್ಟು ಲೀಟರಿನ ಪಾತ್ರೆ ಕೊಳ್ಳಬೇಕು? ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ?

ಉತ್ತರ: ಬೇರೆ ಪಾತ್ರೆಗಳಿಗೆ ಆ ಮಾತು ಸರಿ, ಇದಕ್ಕಲ್ಲ. ಇದನ್ನು ಕುದಿನೀರಿನ ಸಮೇತ ಎತ್ತಿ ಬಗ್ಗಿಸಬೇಕು. ಹಾಗಾಗಿ ನಿಮ್ಮ ಮಣಿಕಟ್ಟು ಎಷ್ಟು ಭಾರ ತಡೆಯುತ್ತದೆಯೋ ಅದೇ ಈ ಪಾತ್ರೆಯ ಅಳತೆ.

ಲೆಕ್ಕ ಹೀಗೆ: 100 ಗ್ರಾಂ ಒಣ ಪಾಸ್ತಾಕ್ಕೆ 1 ಲೀಟರ್ ನೀರು ಎಂಬುದು ರೂಢಿಯ ಪ್ರಮಾಣ. ನಾಲ್ವರಿಗೆ 400 ಗ್ರಾಂ, ಅಂದರೆ 4 ಲೀಟರ್. ಪಾಸ್ತಾದಿಂದ ಬಿಡುವ ಗಂಜಿ ನೊರೆಯಾಗಿ ಉಕ್ಕುವುದರಿಂದ ಪಾತ್ರೆಯ ಮುಕ್ಕಾಲು ಭಾಗಕ್ಕಿಂತ ಮೇಲೆ ನೀರಿರಬಾರದು. ಹಾಗಾದರೆ ಬೇಕಾದದ್ದು 5.3ರಿಂದ 5.5 ಲೀಟರಿನ ಪಾತ್ರೆ. ನೀರು, ಪಾಸ್ತಾ, ಪಾತ್ರೆ, ಮುಚ್ಚಳ ಎಲ್ಲ ಸೇರಿ ಸುಮಾರು 6 ಕಿಲೋ ಆಗುತ್ತದೆ. ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಬಹುದಾದ ಭಾರ ಇಷ್ಟೇ. 8 ಲೀಟರಿನದಕ್ಕೆ ಹೋದರೆ ಎಂಟು ಕಿಲೋ ದಾಟುತ್ತದೆ. ಅಷ್ಟು ಬೇಕಾದವರು ಬಸಿಯುವ ಮುಚ್ಚಳದ ಆಸೆ ಬಿಟ್ಟು, ಒಳಗೆ ತೂತಿನ ಬುಟ್ಟಿ ಇರುವ ಬಗೆಯನ್ನು ಕೊಳ್ಳಿ. ಅದರಲ್ಲಿ ಬುಟ್ಟಿಯನ್ನಷ್ಟೇ ಮೇಲೆತ್ತುತ್ತೀರಿ, ನೀರು ಒಲೆಯ ಮೇಲೇ ಉಳಿಯುತ್ತದೆ.

ಪೆಟ್ಟಿಗೆಯ ಮೇಲೆ ಬರೆದ ಲೀಟರ್ ಸಾಮಾನ್ಯವಾಗಿ ಅಂಚಿನವರೆಗೆ ತುಂಬಿದಾಗಿನ ಲೆಕ್ಕ. ಅನುಮಾನವಿದ್ದರೆ ಒಳಗಿನ ಅಡ್ಡಳತೆಯ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಎತ್ತರದಿಂದ ಗುಣಿಸಿ, 1,000ದಿಂದ ಭಾಗಿಸಿ. 22 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರದ ಪಾತ್ರೆ 5.3 ಲೀಟರ್ ಹಿಡಿಯುತ್ತದೆ. ಸ್ಪಗೆಟ್ಟಿ ಸುಮಾರು 25 ಸೆಂ.ಮೀ. ಉದ್ದವಿರುತ್ತದೆ ಎಂದು ಅಷ್ಟೇ ಎತ್ತರದ ಪಾತ್ರೆ ಹುಡುಕಬೇಡಿ. ಕುದಿನೀರಿಗೆ ಇಳಿದ ತುದಿ ಬೇಗನೆ ಮೆತ್ತಗಾಗಿ ಬಾಗುತ್ತದೆ, ಉಳಿದದ್ದನ್ನು ಸೌಟಿನಿಂದ ಒಳಗೆ ಒತ್ತಿದರಾಯಿತು.

ಇನ್ನೊಂದು ಮಾತು. ಮೊದಲ ಎರಡು ನಿಮಿಷ ಬಿಡದೆ ಕೈಯಾಡಿಸಿದರೆ 400 ಗ್ರಾಂ ಪಾಸ್ತಾ 3 ಲೀಟರ್ ನೀರಿನಲ್ಲೂ ಅಂಟಿಕೊಳ್ಳದೆ ಬೇಯುತ್ತದೆ. ಎತ್ತುವ ಭಾರ ಒಂದು ಕಿಲೋ ಇಳಿಯುತ್ತದೆ, ನೀರೂ ಬೇಗ ಕಾಯುತ್ತದೆ.

ಪ್ರಶ್ನೆ: ಬಸಿಯುವ ಮುಚ್ಚಳಗಳಲ್ಲಿ ಒಳ್ಳೆಯದು, ಕೆಟ್ಟದ್ದು ಎಂದು ಗುರುತಿಸುವುದು ಹೇಗೆ? ನೋಡಲು ಎಲ್ಲವೂ ಒಂದೇ ಥರ ಕಾಣುತ್ತವೆ.

ಉತ್ತರ: ಹಣವನ್ನೂ ಗಮನವನ್ನೂ ಇಡಬೇಕಾದದ್ದು ಇಲ್ಲಿ. ಪಾತ್ರೆ ಎಷ್ಟೇ ಗಟ್ಟಿಯಿರಲಿ, ಮುಚ್ಚಳ ಸಡಿಲವಿದ್ದರೆ ಅದು ಅಪಾಯದ ಸಾಮಾನು.

ಮೊದಲು ಬೀಗ ನೋಡಿ. ಒಳ್ಳೆಯ ಮುಚ್ಚಳದ ಅಂಚಿನಲ್ಲಿ ಎರಡು ಚಾಚುಗಳಿರುತ್ತವೆ. ಮುಚ್ಚಳ ತಿರುಗಿಸಿದಾಗ ಅವು ಹಿಡಿಗಳ ಬುಡದಲ್ಲಿರುವ ಸೀಳಿನೊಳಗೆ ಹೋಗಿ ಕೂರುತ್ತವೆ. ಬೀಗವೇ ಇಲ್ಲದ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಸಿಯಬೇಕಾದ ಮುಚ್ಚಳವನ್ನು ಈ ಗಾತ್ರದ ಪಾತ್ರೆಗೆ ಒಪ್ಪಲೇಬೇಡಿ. 400 ಗ್ರಾಂ ಪಾಸ್ತಾ ಬೆಂದ ಮೇಲೆ ಸುಮಾರು 900 ಗ್ರಾಂ ಆಗುತ್ತದೆ. ಪಾತ್ರೆ ಬಗ್ಗಿಸಿದಾಗ ಅದಷ್ಟೂ ನೀರಿನ ಜೊತೆ ಮುಚ್ಚಳದ ಮೇಲೆ ಬೀಳುತ್ತದೆ, ಅದೇ ಹೊತ್ತಿಗೆ ಹಬೆ ನಿಮ್ಮ ಹೆಬ್ಬೆರಳಿಗೆ ತಾಗುತ್ತದೆ. ಬೀಗ ಬಿಗಿಯುವ ಭಾಗ ಪ್ಲಾಸ್ಟಿಕ್ಕಿನದಾಗಿದ್ದರೆ ಬಿಸಿಗೆ ಸವೆದು, ಬಿರುಕುಬಿಟ್ಟು, ಪಾತ್ರೆಗಿಂತ ಬಹಳ ಮೊದಲೇ ಹಾಳಾಗುತ್ತದೆ. ಸ್ಟೀಲಿನ ಚಾಚೇ ಇರಲಿ.

ಖಾಲಿ ಪಾತ್ರೆಗೆ ಬೀಗ ಹಾಕಿ ತಲೆಕೆಳಗು ಮಾಡಿ ಅಲ್ಲಾಡಿಸಿ. ಕಟಕಟ ಎಂದರೆ ಸಡಿಲ ಎಂದರ್ಥ. ಮುಚ್ಚಳಕ್ಕೂ ಅಂಚಿಗೂ ನಡುವೆ 2 ಮಿ.ಮೀ. ಸಂದು ಇದ್ದರೂ ಸ್ಪಗೆಟ್ಟಿಯ ಎಳೆ ನುಸುಳಿ ಸಿಕ್ಕಿಕೊಳ್ಳುತ್ತದೆ. ಮನೆಗೆ ತಂದ ಮೇಲೆ, ಅಡುಗೆಗೆ ಇಳಿಸುವ ಮೊದಲು, ಅರ್ಧ ಪಾತ್ರೆ ತಣ್ಣೀರು ತುಂಬಿ ಬಸಿದು ನೋಡಿ. ನೀರು ತೂತುಗಳಿಂದ ಮಾತ್ರ ಬರಬೇಕು. ಅಂಚಿನ ಸುತ್ತ ಹರಿದು ಹಿಡಿಯ ಕಡೆಗೆ ಬಂದರೆ, ನಾಳೆ ಕುದಿನೀರೂ ಅದೇ ದಾರಿಯಲ್ಲಿ ನಿಮ್ಮ ಕೈಗೆ ಬರುತ್ತದೆ. ಅಂಥದ್ದನ್ನು ಹಿಂದಿರುಗಿಸಿ.

ಆಮೇಲೆ ತೂತುಗಳು. ಬೀಗ ಹಾಕಿದಾಗ ಅವು ಎರಡು ಹಿಡಿಗಳಿಗೆ ಸರಿಯಾಗಿ ಅಡ್ಡ ದಿಕ್ಕಿನಲ್ಲಿ, ನಿಮ್ಮ ಎದುರಿಗೆ ಇರಬೇಕು. ಅಂಚಿಗೆ ಅಂಟಿಕೊಂಡಂತೆಯೂ ಇರಬೇಕು. ಎರಡು ಸೆಂಟಿಮೀಟರ್ ಒಳಗಿದ್ದರೆ ಪಾತ್ರೆ ಎಷ್ಟು ಬಗ್ಗಿಸಿದರೂ ಕೊನೆಯ ನೀರು ಹೊರಗೆ ಬರುವುದಿಲ್ಲ, ತಳದಲ್ಲಿ ಪಾಸ್ತಾ ನೀರಾಗಿ ಉಳಿಯುತ್ತದೆ. ಒಂದು ಕಡೆ 3 ಮಿ.ಮೀ., ಇನ್ನೊಂದು ಕಡೆ 6 ಮಿ.ಮೀ. ತೂತುಗಳಿರುವ ಮುಚ್ಚಳ ಎಲ್ಲಕ್ಕಿಂತ ಉಪಯುಕ್ತ. ಅಕ್ಕಿಕಾಳಿನಂಥ ಸಣ್ಣ ಓರ್ಜೋಗೆ ಸಣ್ಣ ತೂತೇ ಬೇಕು. ಪೆನ್ನೆ, ಫುಸಿಲ್ಲಿಯಂಥ ದಪ್ಪ ಪಾಸ್ತಾಕ್ಕೆ ದೊಡ್ಡ ತೂತು. ಸಣ್ಣ ತೂತು ಹೆಚ್ಚು ಸಂಖ್ಯೆಯಲ್ಲಿದ್ದರೆ ಸಾಕೆಂದುಕೊಳ್ಳಬೇಡಿ: 3 ಮಿ.ಮೀ.ನ 40 ತೂತುಗಳಿಗಿಂತ 6 ಮಿ.ಮೀ.ನ 20 ತೂತುಗಳು ಒಟ್ಟು ಎರಡು ಪಟ್ಟು ಜಾಗ ಕೊಡುತ್ತವೆ. ಬಸಿಯುವುದು ತಡವಾದಷ್ಟೂ ಪಾಸ್ತಾ ಬಿಸಿನೀರಿನಲ್ಲಿ ಇನ್ನಷ್ಟು ಬೇಯುತ್ತಲೇ ಇರುತ್ತದೆ.

ತೂತುಗಳು ಎರಡೂ ಕಡೆ ಇರುವುದರಿಂದ ಇನ್ನೊಂದು ಲಾಭವಿದೆ. ಎದುರಿನ ತೂತಿನಿಂದ ನೀರು ಹೊರಬೀಳುವಾಗ ಹಿಂದಿನ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ. ಗಾಳಿಗೆ ದಾರಿಯಿಲ್ಲದಿದ್ದರೆ ನೀರು ಗುಳುಗುಳು ಎಂದು ಬಿಟ್ಟುಬಿಟ್ಟು ಚಿಮ್ಮುತ್ತದೆ. ಕೊನೆಗೆ, ಮುಚ್ಚಳದ ಒಳಬದಿಯಲ್ಲಿ ತೂತುಗಳ ಮೇಲೆ ಬೆರಳಾಡಿಸಿ. ತರಿತರಿಯಾಗಿದ್ದರೆ ಗಂಜಿ ಅಲ್ಲೇ ಕಚ್ಚಿ ಒಣಗುತ್ತದೆ.

ಪ್ರಶ್ನೆ: ಅಯಸ್ಕಾಂತ ಅಂಟದಿದ್ದರೆ ಮಾತ್ರ ಒಳ್ಳೆಯ ಸ್ಟೀಲ್ ಎನ್ನುತ್ತಾರೆ. 18/10 ಎಂದರೇನು?

ಉತ್ತರ: 18 ಎಂಬುದು ಕ್ರೋಮಿಯಂ ಶೇಕಡಾವಾರು, 10 ನಿಕೆಲ್‌ನದು. ತುಕ್ಕು ತಡೆಯುವ ಪದರ ಕೊಡುವುದು ಕ್ರೋಮಿಯಂ, ಅದಕ್ಕೆ ಬಲ ಕೊಡುವುದು ನಿಕೆಲ್. 18/8 ಮತ್ತು 18/10 ಎರಡೂ 304 ದರ್ಜೆಯ ಬಳಗದವೇ. ಪಾಸ್ತಾ ಬೇಯಿಸಲು ಇವುಗಳ ನಡುವೆ ಆರಿಸುತ್ತ ಕೂರಬೇಕಿಲ್ಲ. 18/0ದಲ್ಲಿ ನಿಕೆಲ್ ಇಲ್ಲ, ಉಪ್ಪುನೀರಿಗೆ ಬೇಗ ಸೋಲುತ್ತದೆ. 201 ದರ್ಜೆಯಲ್ಲಿ ನಿಕೆಲ್‌ನ ಒಂದಷ್ಟು ಜಾಗವನ್ನು ಮ್ಯಾಂಗನೀಸ್ ತುಂಬುತ್ತದೆ, ಅದೂ ಉಪ್ಪಿಗೆ ಅಷ್ಟು ಗಟ್ಟಿಯಲ್ಲ.

ಅಯಸ್ಕಾಂತದ ಪರೀಕ್ಷೆ ಅರ್ಧ ಮಾತ್ರ ನಿಜ. 304ಕ್ಕೆ ಅದು ಅಂಟದು ಅಥವಾ ಅಲ್ಪಸ್ವಲ್ಪ ಅಂಟೀತು, 18/0ಕ್ಕೆ ಬಿಗಿಯಾಗಿ ಅಂಟುತ್ತದೆ. ಆದರೆ 201ಕ್ಕೂ ಅಂಟುವುದಿಲ್ಲ, ಹಾಗಾಗಿ ಅಗ್ಗದ ಸ್ಟೀಲ್ ಈ ಪರೀಕ್ಷೆಯಲ್ಲಿ ಪಾರಾಗಿಬಿಡುತ್ತದೆ. ದರ್ಜೆಯನ್ನು ಪಾತ್ರೆಯ ಮೇಲೆ ಅಚ್ಚೊತ್ತಿರಬೇಕು ಅಥವಾ ತಯಾರಕರು ಬರಹದಲ್ಲಿ ತಿಳಿಸಿರಬೇಕು. ಇಂಡಕ್ಷನ್ ಒಲೆಯಿದ್ದರೆ ತಳಕ್ಕೆ ಮಾತ್ರ ಅಯಸ್ಕಾಂತ ಗಟ್ಟಿಯಾಗಿ ಅಂಟಲೇಬೇಕು. ಅಲ್ಲಿ ಬೇಕೆಂದೇ ಕಾಂತಗುಣದ ಸ್ಟೀಲ್ ಪದರ ಕೂರಿಸಿರುತ್ತಾರೆ.

ಪ್ರಶ್ನೆ: ಪೂರ್ತಿ ಮೂರು ಪದರದ ಟ್ರೈಪ್ಲೈ ಪಾತ್ರೆಯೇ ಬೇಕೇ?

ಉತ್ತರ: ನೀರು ಕುದಿಸಲು ಬೇಡ. ನೀರು ತಾನೇ ಮೇಲೆ ಕೆಳಗೆ ಸುತ್ತುತ್ತ ಬಿಸಿ ಹಂಚಿಕೊಳ್ಳುತ್ತದೆ. ಪಕ್ಕಗಳಲ್ಲೂ ಅಲ್ಯೂಮಿನಿಯಂ ಪದರವಿದ್ದರೆ ಪಾತ್ರೆಯ ಭಾರ ಹೆಚ್ಚುತ್ತದೆ, ಬಸಿಯುವಾಗ ಅದೂ ನಿಮ್ಮ ಕೈಮೇಲೆ. ತಳದಲ್ಲಿ ಮಾತ್ರ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿ ಮುಚ್ಚಿದ ಪಾತ್ರೆ ಸಾಕು. ಅದೇ ಪಾತ್ರೆಯಲ್ಲಿ ಸಾಸ್ ಕೂಡ ಮಾಡುವುದಿದ್ದರೆ ಆ ಬಿಲ್ಲೆ ಪಾತ್ರೆಯ ಅಂಚಿನವರೆಗೂ ಇದೆಯೇ ನೋಡಿ. ಚಿಕ್ಕದಿದ್ದು, ಗ್ಯಾಸಿನ ಉರಿ ಅದನ್ನು ದಾಟಿ ತೆಳು ಸ್ಟೀಲಿಗೆ ತಾಗಿದರೆ ಒಳಗೆ ಬಳೆಯ ಆಕಾರದಲ್ಲಿ ಸಾಸ್ ತಳಹಿಡಿಯುತ್ತದೆ.

ಪ್ರಶ್ನೆ: ಹೊಸ ಪಾತ್ರೆಯ ತಳದಲ್ಲಿ ಸೂಜಿಮೊನೆಯಂಥ ಚುಕ್ಕಿಗಳು ಬಿದ್ದಿವೆ, ಉಜ್ಜಿದರೂ ಹೋಗುವುದಿಲ್ಲ. ಬಿಳಿ ಕಲೆಗಳೂ ಇವೆ. ಸ್ಟೀಲ್ ಕಳಪೆಯೇ?

ಉತ್ತರ: ಇರಲಾರದು. ತಣ್ಣೀರಿಗೇ ಉಪ್ಪು ಹಾಕಿರಬೇಕು. ಕರಗದ ಉಪ್ಪು ತಳದಲ್ಲಿ ಕೂತ ಜಾಗದಲ್ಲಿ ಕ್ಲೋರೈಡ್ ಸಾಂದ್ರವಾಗುತ್ತದೆ, ತಣ್ಣೀರಿನಲ್ಲಿ ಕರಗಿದ ಆಮ್ಲಜನಕವೂ ಇರುತ್ತದೆ. ಎರಡೂ ಸೇರಿ ಕ್ರೋಮಿಯಂ ಪದರವನ್ನು ಚುಚ್ಚುತ್ತವೆ. ಒಳ್ಳೆಯ 304 ಸ್ಟೀಲಿಗೂ ಹೀಗಾಗುತ್ತದೆ. ಈ ಗುಳಿಗಳು ಹೋಗುವುದಿಲ್ಲ, ಆದರೆ ಅಡುಗೆಗೆ ತೊಂದರೆಯಿಲ್ಲ. ಇನ್ನು ಮುಂದೆ ನೀರು ಕುದಿ ಬಂದ ಮೇಲೆ ಲೀಟರಿಗೆ 10 ಗ್ರಾಂವರೆಗೆ ಉಪ್ಪು ಹಾಕಿ ತಕ್ಷಣ ಕಲಕಿ. ಉಪ್ಪುನೀರನ್ನು ಪಾತ್ರೆಯಲ್ಲಿ ರಾತ್ರಿಯೆಲ್ಲ ಬಿಡಬೇಡಿ.

ಬಿಳಿ ಕಲೆ ಗಡಸು ನೀರಿನ ಸುಣ್ಣ. ಒಂದು ಪಾಲು ವಿನೆಗರ್, ಮೂರು ಪಾಲು ನೀರು ಹಾಕಿ ಐದು ನಿಮಿಷ ಬಿಸಿ ಮಾಡಿ ತೊಳೆಯಿರಿ. ಕಾಮನಬಿಲ್ಲಿನಂಥ ನೀಲಿ ಛಾಯೆಯೂ ಇದರಿಂದಲೇ ಹೋಗುತ್ತದೆ. ಬ್ಲೀಚ್ ಮುಟ್ಟಿಸಬೇಡಿ, ಅದರಲ್ಲಿಯೂ ಕ್ಲೋರಿನ್ ಇದೆ. ಸಾದಾ ಕಬ್ಬಿಣದ ಜುಂಗಿನಿಂದ ಉಜ್ಜಿದರೆ ಅದರ ಪುಡಿ ಅಂಟಿಕೊಂಡು ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಗಾಜಿನ ಮುಚ್ಚಳವೋ, ಸ್ಟೀಲಿನದೋ?

ಉತ್ತರ: ಸ್ಟೀಲ್. ಗಾಜಿನಲ್ಲಿ ಒಳಗೆ ನೊರೆ ಏಳುವುದು ಕಾಣುತ್ತದೆ ನಿಜ, ಆದರೆ ಭಾರ ಹೆಚ್ಚು. ಬಿಸಿ ಗಾಜನ್ನು ತಣ್ಣೀರಿನ ನಲ್ಲಿಗೆ ಹಿಡಿದರೆ ಒಡೆಯಬಹುದು. ಗಾಜಿನ ಸುತ್ತ ಸಿಲಿಕೋನ್ ಪಟ್ಟಿಯಿದ್ದರೆ ಅದರ ಸಂದಿನಲ್ಲಿ ಗಂಜಿ ಸೇರಿ ವಾಸನೆ ಬರುತ್ತದೆ.

ಪ್ರಶ್ನೆ: ಬಸಿಯುವಾಗ ಕೈಗೆ ಹಬೆ ಹೊಡೆಯುತ್ತದೆ. ಅರ್ಧಕ್ಕೇ ತೂತುಗಳು ಕಟ್ಟಿಕೊಳ್ಳುತ್ತವೆ. ಪಾತ್ರೆಯ ದೋಷವೇ?

ಉತ್ತರ: ಹೆಚ್ಚಾಗಿ ಅವಸರದ ದೋಷ. ಒಮ್ಮೆಗೇ ಬಗ್ಗಿಸಿದರೆ ಪಾಸ್ತಾ ಎಲ್ಲ ಒಟ್ಟಾಗಿ ಜಾರಿ ತೂತುಗಳಿಗೆ ಅಡ್ಡ ಬೀಳುತ್ತದೆ.

ಒಲೆ ಆರಿಸಿ, ಕುದಿ ಅಡಗಲು ಅರ್ಧ ನಿಮಿಷ ಬಿಡಿ. ಸಾಸಿಗೆ ಬೇಕಾಗುವ ಒಂದು ಲೋಟ ನೀರನ್ನು ಈಗಲೇ ತೆಗೆದಿಡಿ, ಬಸಿದ ಮೇಲೆ ಸಿಗುವುದಿಲ್ಲ. ಬೀಗ ಹಾಕಿ, ಒಮ್ಮೆ ಮುಚ್ಚಳ ಎಳೆದು ನೋಡಿ. ಸಿಂಕಿನಲ್ಲಿ ತಣ್ಣೀರಿನ ನಲ್ಲಿ ಸಣ್ಣಗೆ ಬಿಟ್ಟಿರಿ, ಏಳುವ ಹಬೆ ಕಡಿಮೆಯಾಗುತ್ತದೆ. ಒಣಗಿದ ಮಸಿಬಟ್ಟೆಯಿಂದ ಹಿಡಿಗಳನ್ನು ಹಿಡಿಯಿರಿ. ಒದ್ದೆ ಬಟ್ಟೆಯಾದರೆ ಬಿಸಿ ತಕ್ಷಣ ಕೈಗೆ ದಾಟುತ್ತದೆ. ಪಾತ್ರೆಯ ಮುಂಭಾಗವನ್ನು ಸಿಂಕಿನ ಅಂಚಿಗೆ ಆನಿಸಿದರೆ ಅರ್ಧ ಭಾರ ಅಲ್ಲಿಗೆ ಹೋಗುತ್ತದೆ. ಮುಖ ಹಿಂದೆ ಸರಿಸಿ, ಮೊದಲ ಮೂರನೆಯ ಒಂದು ಭಾಗದ ನೀರನ್ನು ತೆಳ್ಳಗಿನ ಧಾರೆಯಲ್ಲಿ ಬಿಡಿ, ಆಮೇಲೆ ಹೆಚ್ಚು ಬಗ್ಗಿಸಿ. ಕಟ್ಟಿಕೊಂಡರೆ ನೆಟ್ಟಗೆ ನಿಲ್ಲಿಸಿ, ಒಮ್ಮೆ ಅಲ್ಲಾಡಿಸಿ, ಮತ್ತೆ ಬಗ್ಗಿಸಿ. ಮುಚ್ಚಳ ತೆಗೆಯುವಾಗ ನಿಮ್ಮಿಂದ ದೂರದ ಅಂಚನ್ನು ಮೊದಲು ಎತ್ತಿ.

ಇಷ್ಟು ಮಾಡಿದರೂ ಕೈಗೆ ಹಬೆ ಬಂದರೆ ಹಿಡಿ ನೋಡಿ. ಬಟ್ಟೆ ಸಮೇತ ನಾಲ್ಕು ಬೆರಳು ತೂರುವಷ್ಟು ಜಾಗ, ಪಾತ್ರೆಯ ಗೋಡೆಯಿಂದ ಸುಮಾರು 4 ಸೆಂ.ಮೀ. ದೂರ ಇರಬೇಕು. ಟೊಳ್ಳು ಹಿಡಿಯಾಗಿದ್ದು ಅದರಲ್ಲಿ ಸಣ್ಣ ತೂತಿದ್ದರೆ, ತೊಳೆದಾಗ ಒಳಗೆ ಸೇರಿದ ನೀರು ಬಿಸಿಯಾಗಿ ಅಲ್ಲಿಂದಲೇ ಹಬೆಯಾಗಿ ಬರುತ್ತಿರಬಹುದು. ತೊಳೆದ ಮೇಲೆ ತೂತು ಕೆಳಮುಖವಾಗುವಂತೆ ಪಾತ್ರೆಯನ್ನು ಓರೆಯಾಗಿ ಇಟ್ಟು ಒಣಗಿಸಿ.