ಪೇಟೆಯ ಹಳೇ ಚಿನ್ನದ ಅಂಗಡಿಗಳು ತಲೆಮಾರು ದಾಟಿ ಹೇಗೆ ಉಳಿದಿವೆ?

ನೀವು ಕೇಳಿದ್ದು ಎರಡು ವಿಷಯ. ಊರ ತುಂಬಾ ದೊಡ್ಡ ಶೋರೂಂಗಳು ಬಂದ ಮೇಲೂ ಬೆಂಗಳೂರು ಪೇಟೆಯ ಮನೆತನದ ಚಿನ್ನದ ಅಂಗಡಿಗಳು ಹೇಗೆ ನಡೆಯುತ್ತಿವೆ? ಅಪ್ಪನ ಕಾಲ ಮುಗಿದಾಗ ಮಕ್ಕಳ ಕೈಗೆ ನಿಜವಾಗಿ ಬರುವುದೇನು?

ನಗರ್ತಪೇಟೆ ಹತ್ತಿರ ಅಂಥದ್ದೊಂದು ಅಂಗಡಿಯನ್ನು ನಾನು, ನನ್ನ ತಮ್ಮ ನಡೆಸುತ್ತಿದ್ದೇವೆ. ಮುತ್ತಾತನಿಂದ ಲೆಕ್ಕ ಹಾಕಿದರೆ ನಮ್ಮದು ನಾಲ್ಕನೇ ತಲೆಮಾರು. ನಿಮ್ಮ ಎರಡೂ ಪ್ರಶ್ನೆಗೆ ನನ್ನ ಉತ್ತರ ಒಂದೇ: ಹಳೇ ಚಿನ್ನ. ನಾವು ಮಾಡಿಕೊಟ್ಟ ಒಡವೆ ಎಷ್ಟೋ ವರ್ಷ ಬಿಟ್ಟು ವಾಪಸ್ ಬಂದಾಗ ಅದನ್ನು ಯಾವ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇವೆ ಅನ್ನುವುದರ ಮೇಲೆ ಅಂಗಡಿ ನಿಂತಿದೆ.

ಬೆಂಗಳೂರಿನಲ್ಲಿ ನಮಗಿಂತ ಬಹಳ ಹಳಬರಿದ್ದಾರೆ. ಸಿ. ಕೃಷ್ಣಯ್ಯ ಚೆಟ್ಟಿ ಅವರ ಮನೆತನದ ವ್ಯಾಪಾರ ಶುರುವಾದದ್ದೇ 1869ರಲ್ಲಿ. ನಮ್ಮದು ಆ ಮಟ್ಟದ್ದಲ್ಲ. ಮುತ್ತಾತ ಬರೀ ಅಕ್ಕಸಾಲಿಗ. ಆಗ ಅಂಗಡಿಗೆ ಹೋಗಿ ಒಡವೆ ಆರಿಸುವ ರೂಢಿ ಕಡಿಮೆ. ಮನೆಯವರು ಚಿನ್ನ ತೂಗಿ ಕೊಡುತ್ತಿದ್ದರು. ಅವರ ಜಗಲಿಯಲ್ಲೇ ಕೂತು, ಅವರ ಕಣ್ಣೆದುರೇ ಊದುಕೊಳವೆ ಊದಿ, ತಾಳಿ, ಬೆಂಡೋಲೆ, ಅವಲಕ್ಕಿ ಸರ ಮಾಡಿ, ಮತ್ತೆ ತೂಗಿ ಕೊಟ್ಟು ಬರಬೇಕಿತ್ತು. ಗುಲಗಂಜಿ, ತೊಲದ ಲೆಕ್ಕ. ಒಂದು ತೊಲ ಅಂದರೆ ಈಗಿನ 11.66 ಗ್ರಾಂ. ತಾತನ ಕಾಲಕ್ಕೆ ಒಂದು ಸಣ್ಣ ಬಾಡಿಗೆ ಮಳಿಗೆ ಆಯಿತು.

ಆ ಮಳಿಗೆ ಮುಚ್ಚಿಹೋಗಬೇಕಿತ್ತು. ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನ ನಿಯಂತ್ರಣದ ನಿಯಮ ಬಂತು. ವಿದೇಶಿ ವಿನಿಮಯ ಉಳಿಸಬೇಕು, ಕಳ್ಳಸಾಗಣೆ ತಡೆಯಬೇಕು ಅನ್ನುವುದು ಸರ್ಕಾರದ ಉದ್ದೇಶ. 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಹೊಸದಾಗಿ ಮಾಡುವಂತಿಲ್ಲ ಅಂದರು. 14 ಕ್ಯಾರೆಟ್ ಅಂದರೆ ನೂರಕ್ಕೆ ಸುಮಾರು 58 ಪಾಲು ಮಾತ್ರ ಚಿನ್ನ. 22 ಕ್ಯಾರೆಟ್‌ಗೆ ಪಳಗಿದ ಕೈಗೆ ಅದು ಗಡುಸು, ತಂತಿ ಎಳೆಯುವಾಗ ಬಿರುಕು ಬಿಡುತ್ತದೆ. ಮದುವೆ ಮನೆಯವರಂತೂ ಅದರಲ್ಲಿ ತಾಳಿ ಮಾಡಿಸಲು ಒಪ್ಪುತ್ತಲೇ ಇರಲಿಲ್ಲ. ದೇಶದ ತುಂಬಾ ಲಕ್ಷಾಂತರ ಅಕ್ಕಸಾಲಿಗರ ಅನ್ನ ಹೋಯಿತು. ತಾತನ ತಮ್ಮ ಕುಸುರಿ ಕೆಲಸದಲ್ಲಿ ತಾತನಿಗಿಂತ ಒಳ್ಳೆ ಕೈ. ಅವರು ಕಸುಬು ಬಿಟ್ಟು ಎಚ್‌ಎಂಟಿ ವಾಚ್ ಫ್ಯಾಕ್ಟರಿ ಸೇರಿದರು, ರಿಟೈರ್ ಆಗುವವರೆಗೂ ಅಲ್ಲೇ ಇದ್ದರು. ಅವರ ಮಕ್ಕಳಲ್ಲಿ ಯಾರೂ ಚಿನ್ನ ಮುಟ್ಟಲಿಲ್ಲ. ನಮ್ಮ ಮನೆತನದ ಒಂದು ಕೊಂಬೆ ಅಲ್ಲಿಗೆ ಮುಗಿಯಿತು.

ತಾತ ಆ ವರ್ಷಗಳನ್ನು ಕಳೆದದ್ದು ಹಳೇ ಒಡವೆ ರಿಪೇರಿ ಮಾಡಿಕೊಂಡು. ಕೊಂಡಿ ಬೆಸೆಯುವುದು, ಕಲ್ಲು ಕೂರಿಸುವುದು, ಕರಿಮಣಿ ಪೋಣಿಸುವುದು. 1966ರಲ್ಲಿ 14 ಕ್ಯಾರೆಟ್ ಕಟ್ಟು ತೆಗೆದರು. ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ಬಂತು. ಅಕ್ಕಸಾಲಿಗ ತನ್ನ ಬಳಿ 100 ಗ್ರಾಂಗಿಂತ ಹೆಚ್ಚು ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿಲ್ಲ, ವ್ಯಾಪಾರಿಗೆ ಲೈಸೆನ್ಸ್ ಬೇಕು, ಬಂದದ್ದು ಹೋದದ್ದು ಎಲ್ಲಾ ಪುಸ್ತಕದಲ್ಲಿ ಇರಬೇಕು. ಈ ಕಾಯ್ದೆ ರದ್ದಾದದ್ದು 1990ರಲ್ಲಿ. ಅಷ್ಟೂ ವರ್ಷ ತಾತ, ಆಮೇಲೆ ಅಪ್ಪ, ರಾತ್ರಿ ಅಂಗಡಿ ಬಾಗಿಲು ಹಾಕುವ ಮುಂಚೆ ಲೆಕ್ಕ ಬರೆದೇ ಏಳುತ್ತಿದ್ದರು. ಯಾರ ಮನೆಯ ಯಾವ ಒಡವೆ, ಎಷ್ಟು ತೂಕ, ಕಲ್ಲೆಷ್ಟು, ಟೊಳ್ಳಿನ ಒಳಗೆ ತುಂಬಿದ ಅರಗು ಎಷ್ಟು. ಭಯಕ್ಕೆ ಬರೆದ ಪುಸ್ತಕಗಳೇ ಆಮೇಲೆ ನಮಗೆ ಆಧಾರವಾದವು.

ಯಾಕೆ ಅಂತ ಹೇಳುತ್ತೇನೆ. ಒಡವೆ ಬೆಸೆಯಲು ಹಾಕುವ ಬೆಸುಗೆ ಒಡವೆಗಿಂತ ಬೇಗ ಕರಗಬೇಕು. ಹಿಂದೆ ಅದಕ್ಕೆ ತಾಮ್ರ, ಬೆಳ್ಳಿ ಜಾಸ್ತಿ ಬೆರೆಸುತ್ತಿದ್ದರು. ಹಾಗಾಗಿ 22 ಕ್ಯಾರೆಟ್ ತಗಡಿನಿಂದ ಮಾಡಿದ ಸರವನ್ನೇ ಪೂರ್ತಿ ಕರಗಿಸಿದರೆ 22 ಬರುವುದಿಲ್ಲ, ಕಡಿಮೆ ಬರುತ್ತದೆ. ಬೆಸುಗೆ ಹೆಚ್ಚಿದ್ದಷ್ಟೂ ಇನ್ನೂ ಕಡಿಮೆ. ಮೋಸ ಇಲ್ಲದಿದ್ದರೂ ಹೀಗಾಗುತ್ತದೆ. ಮುಂದೆ ಕ್ಯಾಡ್ಮಿಯಂ ಬೆಸುಗೆ ಬಂತು, ಜನ ಕೆಡಿಎಂ ಅನ್ನುವುದು ಅದನ್ನೇ. ಶುದ್ಧತೆ ಉಳಿಯಿತು, ಆದರೆ ಅದರ ಹೊಗೆ ಕುಡಿದವರ ಶ್ವಾಸಕೋಶ, ಕಿಡ್ನಿ ಹಾಳಾದವು. ಈಗ ಹಾಲ್‌ಮಾರ್ಕ್, ಅಂದರೆ ಶುದ್ಧತೆ ಪರೀಕ್ಷಿಸಿ ಹಾಕುವ ಸರ್ಕಾರಿ ಮುದ್ರೆ, ಇರುವ ಒಡವೆಯಲ್ಲಿ ಅದಕ್ಕೆ ಜಾಗ ಇಲ್ಲ. ಇಲ್ಲದಿರುವುದೇ ಸರಿ.

ಈಗ ಯೋಚಿಸಿ. ತಾತ ಮಾಡಿದ ಸರವನ್ನು ಒಬ್ಬ ಅಜ್ಜಿ ಮೊಮ್ಮಗಳ ಮದುವೆಗೆ ಕರಗಿಸಲು ತರುತ್ತಾರೆ. ಬೇರೆ ಕಡೆ ಒಯ್ದರೆ ಮೆಷಿನ್‌ನಲ್ಲಿ ಇಟ್ಟು ‘ಇದು 22 ಅಲ್ಲಮ್ಮ’ ಅನ್ನುತ್ತಾರೆ. ಅಜ್ಜಿಯ ಮನಸ್ಸಿನಲ್ಲಿ ತಾತ ಮೋಸಗಾರ ಆಗುತ್ತಾರೆ. ಅಪ್ಪ ಇದಕ್ಕೆ ಒಂದು ನಿಯಮ ಮಾಡಿದರು: ನಮ್ಮ ಮುದ್ರೆ ಇದ್ದು, ನಮ್ಮ ಪುಸ್ತಕದಲ್ಲಿ ಸಿಕ್ಕ ಒಡವೆಗೆ, ಕರಗಿಸಿದಾಗ ಎಷ್ಟೇ ಬರಲಿ, 22 ಕ್ಯಾರೆಟ್ ಲೆಕ್ಕದಲ್ಲೇ ಬೆಲೆ. ಕಲ್ಲು, ಅರಗು ಕಳೆದ ತೂಕಕ್ಕೆ. ವ್ಯತ್ಯಾಸ ನಮ್ಮದು. ಕೆಲವು ವರ್ಷ ಇದು ನಿಜಕ್ಕೂ ಭಾರವಾಯಿತು, ಅಮ್ಮನ ಬಳೆಯೂ ಅದಕ್ಕೆ ಹೋಯಿತು. ಆದರೆ ಆ ಮನೆಗಳು ನಮ್ಮನ್ನು ಬಿಡಲಿಲ್ಲ. ವರಮಹಾಲಕ್ಷ್ಮಿಗೆ ಬೆಳ್ಳಿ ಮುಖವಾಡ ಬೇಕಿದ್ದರೂ, ನಾಮಕರಣಕ್ಕೆ ಉಡಿದಾರ ಬೇಕಿದ್ದರೂ ಪೇಟೆಯ ಟ್ರಾಫಿಕ್ ದಾಟಿ ಬರುತ್ತಾರೆ. ಪ್ರತಿ ತಲೆಮಾರೂ ಹಿಂದಿನವರ ಮಾತು ಉಳಿಸಲು ತನ್ನ ಕೈಯಿಂದ ದುಡ್ಡು ಕೊಡಬೇಕು. ಅದಕ್ಕೆ ಒಪ್ಪದವರು ಅಂಗಡಿ ವಹಿಸಿಕೊಳ್ಳಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಪ್ಪ ಕಲಿಸಿದ ಇನ್ನೊಂದು ಪಾಠ ಗ್ರಾಂ ಲೆಕ್ಕ. ಇವತ್ತು 100 ಗ್ರಾಂ ಮಾರಿದರೆ ಇವತ್ತೇ 100 ಗ್ರಾಂ ವಾಪಸ್ ಕೊಳ್ಳಬೇಕು. ಬೆಲೆ ಇಳಿಯಲಿ ಆಮೇಲೆ ಕೊಳ್ಳೋಣ ಅಂತ ಕಾಯುವುದು ಜೂಜು. ನಮ್ಮ ಆದಾಯ ಕೂಲಿ ಮತ್ತು ವೇಸ್ಟೇಜ್‌ನಲ್ಲಿದೆ, ಬೆಲೆಯ ಏರಿಳಿತದಲ್ಲಿ ಅಲ್ಲ. 2024ರ ಜುಲೈ ಬಜೆಟ್‌ನಲ್ಲಿ ಆಮದು ಸುಂಕ ನೂರಕ್ಕೆ 15ರಿಂದ 6ಕ್ಕೆ ಇಳಿದಾಗ ಚಿನ್ನದ ಬೆಲೆ ಒಂದೇ ಸಲಕ್ಕೆ ಬಿತ್ತು. ರೂಪಾಯಿಯಲ್ಲಿ ನೋಡಿದರೆ ಎದೆ ಒಡೆಯುವ ದಿನ. ಗ್ರಾಂನಲ್ಲಿ ನೋಡಿದರೆ ತಿಜೋರಿಯಲ್ಲಿ ಇದ್ದದ್ದು ಅಷ್ಟೇ ಇತ್ತು.

ಇನ್ನು ಕಾಗದಪತ್ರ. ಹಳೇ ಅಂಗಡಿಗಳು ಒಡೆಯುವುದು ವ್ಯಾಪಾರ ಇಲ್ಲದೆ ಅಲ್ಲ, ಪಾಲಿನ ಜಗಳದಲ್ಲಿ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಪಾಲು ಬಂತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಇರಲಿಲ್ಲ. ನಮ್ಮ ಸೋದರತ್ತೆ ಹಾಗೆ ಹೊರಗುಳಿದರು. ಅವರಿಗೆ ಒರೆಗಲ್ಲು ನೋಡುವ ಕಣ್ಣು ಅಪ್ಪನಿಗಿಂತ ಚೆನ್ನಾಗಿತ್ತು ಅಂತ ಅಪ್ಪನೇ ಹೇಳುತ್ತಿದ್ದರು. 2005ರಲ್ಲಿ ಕೇಂದ್ರದ ಕಾಯ್ದೆ ಬದಲಾಗಿ ಮದುವೆಯ ಆ ಷರತ್ತು ಹೋಯಿತು. ಅಪ್ಪ ನನ್ನನ್ನು, ತಮ್ಮನನ್ನು ಬದುಕಿದ್ದಾಗಲೇ ಪಾಲುದಾರರಾಗಿ ಸೇರಿಸಿಕೊಂಡರು. ಇದು ತುಂಬಾ ಮುಖ್ಯ. ಅಂಗಡಿ ಒಬ್ಬರ ಹೆಸರಿನಲ್ಲೇ ಇದ್ದು ಅವರು ತೀರಿಕೊಂಡರೆ ಜಿಎಸ್‌ಟಿ ನೋಂದಣಿ ಮಕ್ಕಳ ಹೆಸರಿಗೆ ಹಾಗೇ ಬರುವುದಿಲ್ಲ, ಹೊಸದಾಗಿ ಮಾಡಿಸಬೇಕು. ಮನೆಯಲ್ಲಿ ಸೂತಕ ಇರುವಾಗ ಈ ಓಡಾಟ ಯಾರಿಗೂ ಬೇಡ.

ಶೋರೂಂಗಳನ್ನು ನಾನು ಬೈಯುವುದಿಲ್ಲ. ಅವರ ಡಿಸೈನ್ ಆಯ್ಕೆ ನಮ್ಮಲ್ಲಿ ಸಿಗುವುದಿಲ್ಲ, ಪಾರ್ಕಿಂಗ್ ಅಂತೂ ಕೇಳಲೇಬೇಡಿ. ಹಾಲ್‌ಮಾರ್ಕ್ 2000ರಲ್ಲಿ ಶುರುವಾಗಿ, 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯ ಆದದ್ದು ಎಲ್ಲರಿಗೂ ಒಳ್ಳೆಯದೇ ಆಯಿತು. ಈಗ ಶುದ್ಧತೆಗೆ ಯಾರ ಮುಖವನ್ನೂ ನಂಬಬೇಕಿಲ್ಲ. ನನಗೆ ನಿಜವಾಗಿ ಚಿಂತೆ ಇರುವುದು ಕೈಗಳ ಬಗ್ಗೆ. ಬಂಗಾಳದಿಂದ ಬಂದ ಹುಡುಗರು ಇಲ್ಲದಿದ್ದರೆ ಇವತ್ತು ನಗರ್ತಪೇಟೆಯ ಅರ್ಧ ಕೆಲಸ ನಿಲ್ಲುತ್ತದೆ. ಅವರು ಒಳ್ಳೆ ಕೆಲಸಗಾರರು. ಆದರೆ ಬುಗುಡಿ, ರಾಗಟೆ, ನಾಗಮುರಿಯಂಥ ನಮ್ಮ ಕಡೆಯ ಹಳೇ ಒಡವೆ ಮಾಡಬಲ್ಲ ಹಿರಿಯರು ಒಬ್ಬೊಬ್ಬರೇ ಕೆಲಸ ನಿಲ್ಲಿಸುತ್ತಿದ್ದಾರೆ, ಅವರ ಪಕ್ಕ ಕೂತು ಕಲಿಯುವವರಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಒಡವೆ ಇದ್ದರೆ, ಕರಗಿಸುವ ಮುಂಚೆ ಅದರ ಹಿಂಭಾಗದಲ್ಲಿ ಮುದ್ರೆ ಇದೆಯಾ ನೋಡಿ. ಅದು ಯಾರದು ಅಂತ ಗೊತ್ತಾಗಿ, ಆ ಅಂಗಡಿ ಇನ್ನೂ ಇದ್ದರೆ ಮೊದಲು ಅಲ್ಲಿಗೆ ಒಯ್ಯಿರಿ. ಕಲ್ಲು, ಅರಗು ತೆಗೆದ ಮೇಲಿನ ತೂಕ ಕೇಳಿ, ಕರಗಿಸುವಾಗ ಎದುರಿಗೇ ನಿಂತಿರಿ. ಹೊಸದು ಕೊಂಡಾಗ ಒಡವೆಯ ಮೇಲಿನ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿಯನ್ನು, ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬಿಲ್ ಎಸೆಯಬೇಡಿ, ಒಡವೆಯ ಜೊತೆಗೇ ಇಡಿ.