ಇತಿಹಾಸ ತಜ್ಞರನ್ನು ಕೇಳುವ ಮುನ್ನ ಎಷ್ಟು ಓದಿಕೊಂಡಿರಬೇಕು?

ನಿಮ್ಮೂರಿನ ವೀರಗಲ್ಲು ಯಾವ ರಾಜನ ಕಾಲದ್ದೆಂದು ತಜ್ಞರನ್ನು ಕೇಳುವ ಮೊದಲು ಯಾವ ಪುಸ್ತಕಗಳನ್ನು ಓದಿಕೊಂಡಿರಬೇಕು ಎಂದು ಕೇಳಿದ್ದೀರಿ. ನಾನು ಓದಿಕೊಂಡೇ ಕೇಳಿದವನು. ಕೆಲಸ ಕೆಟ್ಟದ್ದು ಅಲ್ಲಿಯೇ.

ಹಾಸನ ಜಿಲ್ಲೆಯ ನಮ್ಮೂರಿನ ಕೆರೆ ಏರಿಯ ಮೇಲೆ ಮೂರು ಹಂತದ ವೀರಗಲ್ಲೊಂದಿತ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಹಂತಗಳ ನಡುವಿನ ಪಟ್ಟಿಗಳಲ್ಲೂ ಅಡಿಯಲ್ಲೂ ಸವೆದ ಅಕ್ಷರಗಳು. ಹೊಯ್ಸಳರ ಬಗ್ಗೆ ಓದಿ ತಲೆಯಲ್ಲಿ ವಿಷ್ಣುವರ್ಧನನೇ ತುಂಬಿದ್ದುದರಿಂದ, ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಅಕ್ಷರಗಳ ಮೇಲೆ ಸೀಮೆಸುಣ್ಣದಿಂದ ತಿದ್ದಿ, "ಅಡಿಯ ಸಾಲಿನಲ್ಲಿರುವುದು ವಿಷ್ಣುವರ್ಧನನ ಹೆಸರಲ್ಲವೇ?" ಎಂದು ವಿದ್ವಾಂಸರೊಬ್ಬರಿಗೆ ಕಳುಹಿಸಿದೆ.

ಇದರಿಂದಾದ ಹಾನಿಯನ್ನು ಬಿಡಿಸಿ ಹೇಳಲೇಬೇಕು. ಆ ಕಲ್ಲಿನಲ್ಲಿ ಶಕವರ್ಷದ ಭಾಗ ಚಕ್ಕೆಯೆದ್ದು ಹೋಗಿ ಸಂವತ್ಸರದ ಹೆಸರಷ್ಟೇ ಉಳಿದಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದೊಂದರಿಂದ ಕಾಲ ನಿರ್ಧಾರವಾಗದು. ಅಂಥಲ್ಲಿ ಲಿಪಿತಜ್ಞರು ಮುಖ್ಯವಾಗಿ ನೆಚ್ಚುವುದು ತಲೆಕಟ್ಟು, ಕೊಂಬು, ಒತ್ತಕ್ಷರಗಳ ಆಕಾರವನ್ನು. ನಾನು ಸುಣ್ಣದಿಂದ ಮುಚ್ಚಿದ್ದು ಅದನ್ನೇ. ಶಿಲ್ಪಿಯ ಉಳಿ ಎಲ್ಲಿ ತಿರುಗಿತ್ತು, ಎಲ್ಲಿ ನಿಂತಿತ್ತು ಎಂಬುದು ಮರೆಯಾಗಿ, ನಾನು ಕಾಣಬೇಕೆಂದುಕೊಂಡ ಗೆರೆಗಳು ಮಾತ್ರ ಕಂಡವು. ಅವರು ಚಿತ್ರವನ್ನು ನಂಬಿ "ಇರಬಹುದು" ಎಂದರು. ಆಮೇಲೆ ಏರಿಯ ದುರಸ್ತಿಯಲ್ಲಿ ಕಲ್ಲನ್ನು ಸಿಮೆಂಟಿನಲ್ಲಿ ನೆಟ್ಟಾಗ ಅಡಿಯ ಸಾಲು ಹೂತುಹೋಯಿತು. ಈಗ ಆ ಸಾಲು ಉಳಿದಿರುವುದು ನನ್ನ ಸುಣ್ಣದ ಚಿತ್ರದಲ್ಲಿ ಮಾತ್ರ, ಅದನ್ನು ಯಾವ ಸಂಶೋಧಕರೂ ಆಧಾರವಾಗಿ ಒಪ್ಪುವುದಿಲ್ಲ.

ಆದ್ದರಿಂದ ಪುಸ್ತಕಗಳ ಪಟ್ಟಿಯನ್ನು ಬದಿಗಿಡಿ. ನೋಡಲೇಬೇಕಾದ್ದು ಒಂದೇ: ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗ. ಅಲ್ಲಿ ನಿಮ್ಮೂರಿನ ಶಾಸನ ಅಚ್ಚಾಗಿದ್ದರೆ ಅದರ ಸಂಖ್ಯೆಯನ್ನು ತಜ್ಞರಿಗೆ ಬರೆಯುವ ಪತ್ರದಲ್ಲಿ ಕಾಣಿಸಿ. ಕಲ್ಲಿಗೆ ಸುಣ್ಣ, ಎಣ್ಣೆ ಏನನ್ನೂ ಹಚ್ಚದೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿಯಿಟ್ಟು ಇಡೀ ಕಲ್ಲಿನದೂ ಪ್ರತಿ ಸಾಲಿನದೂ ಫೋಟೊ ತೆಗೆಯಿರಿ.

"ಯಾವ ರಾಜನ ಕಾಲದ್ದು" ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ವೀರಗಲ್ಲು ನಿಲ್ಲುವುದು ಸತ್ತವನ ನೆನಪಿಗೆ. ಅವನು ಯಾರು, ಶತ್ರುಗಳು ಹೊಡೆದುಕೊಂಡು ಹೋದ ತುರುಗಳನ್ನು (ದನಗಳನ್ನು) ಬಿಡಿಸಲು ಹೋಗಿ ಮಡಿದನೇ, ಮನೆಯವರಿಗೆ ನೆತ್ತರುಗೊಡಗೆಯಾಗಿ, ಅಂದರೆ ಅವನ ಬಲಿದಾನಕ್ಕೆ ದತ್ತಿಯಾಗಿ, ಭೂಮಿ ಸಿಕ್ಕಿತೇ ಎಂದು ಕೇಳಿ; ಈ ಪ್ರಶ್ನೆಗಳಿಗಾದರೆ ಕಲ್ಲಿನಲ್ಲೇ ಉತ್ತರವಿರುವ ಸಾಧ್ಯತೆ ಹೆಚ್ಚು. ನಿಮ್ಮ ಊಹೆಯನ್ನು ಮೊದಲ ಪತ್ರದಲ್ಲಿ ಬರೆಯಬೇಡಿ. ಅವರ ಓದು ಕೈಸೇರಿದ ಮೇಲೆ ಬೇಕಿದ್ದರೆ ತಿಳಿಸಿ.