ಎರಡು ಪ್ರೊಸೆಸರ್‌ಗಳ ವೇಗ ಹೋಲಿಸಲು ಲಿನಕ್ಸ್‌ನಲ್ಲಿ ಸಿಸ್‌ಬೆಂಚ್ (ವೇಗ ಅಳೆಯುವ ಒಂದು ಪ್ರೋಗ್ರಾಂ) ಅಂಕಿ ನೋಡಿದರೆ ಸಾಕೇ?

ಸಾಲದು. ಅದೇ ಅಂಕಿ ನಂಬಿ ನಾನು ಐ5-6500 ಡೆಸ್ಕ್‌ಟಾಪ್ ಮಾರಿದೆ, ಸೆಕೆಂಡ್‌ಹ್ಯಾಂಡ್ ಐ5-1035ಜಿ1 ಲ್ಯಾಪ್‌ಟಾಪ್ ತಂದು ಮಾನಿಟರ್‌ಗೆ ಸಿಕ್ಕಿಸಿದೆ. ಎರಡರಲ್ಲೂ ನಾಲ್ಕು ಕೋರ್, ಟರ್ಬೊ (ಏರಬಲ್ಲ ಗರಿಷ್ಠ ವೇಗ) 3.6 ಗಿಗಾಹರ್ಟ್ಸ್. ಸಿಸ್‌ಬೆಂಚ್‌ನಲ್ಲಿ ಮಾತ್ರ ಲ್ಯಾಪ್‌ಟಾಪ್ ಎಲ್ಲೋ ಮುಂದಿತ್ತು. ಕರ್ನಲ್ ಬಿಲ್ಡ್ (ಲಿನಕ್ಸ್‌ನ ತಿರುಳನ್ನು ಸೋರ್ಸ್‌ನಿಂದ ಕಂಪೈಲ್ ಮಾಡುವುದು) ಹಾಕಿದರೆ ಹಳೆಯದಕ್ಕಿಂತ ಬೇಗ ಮುಗಿಯಲೇ ಇಲ್ಲ.

ಎಡವಿದ್ದು ಎಲ್ಲಿ ಅಂದರೆ, ಸಿಸ್‌ಬೆಂಚ್‌ನ ಸಿಪಿಯು ಪರೀಕ್ಷೆ ಮಾಡುವುದು ಒಂದೇ ಕೆಲಸ: 10,000ದವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಭಾಗಿಸಿ ಭಾಗಿಸಿ ಹುಡುಕುವುದು. ಅದೂ 64 ಬಿಟ್ ಭಾಗಾಕಾರ. ಸ್ಕೈಲೇಕ್‌ನಲ್ಲಿ (ನನ್ನ ಡೆಸ್ಕ್‌ಟಾಪ್ ಚಿಪ್‌ನ ಪೀಳಿಗೆ) ಅಂಥ ಒಂದು ಭಾಗಾಕಾರಕ್ಕೆ 35 ಸೈಕಲ್‌ಗೂ ಹೆಚ್ಚು ಬೇಕು. ಐಸ್ ಲೇಕ್‌ನಲ್ಲಿ (ಲ್ಯಾಪ್‌ಟಾಪ್ ಚಿಪ್‌ನ ಪೀಳಿಗೆ) ಇಂಟೆಲ್ ಆ ಘಟಕವನ್ನೇ ಬದಲಿಸಿದ್ದರಿಂದ 20ರೊಳಗೆ ಮುಗಿಯುತ್ತದೆ. ನಾನು ಹೋಲಿಸಿದ್ದು ಪ್ರೊಸೆಸರನ್ನಲ್ಲ, ಅದರೊಳಗಿನ ಭಾಗಾಕಾರದ ಮೂಲೆಯನ್ನು. ಕರ್ನಲ್ ಕಂಪೈಲ್ ಮಾಡುವ ಜಿಸಿಸಿ ಓಡುವಾಗ ಭಾಗಾಕಾರ ಅಪರೂಪ. ಅಲ್ಲಿ ಭಾರ ಬೀಳುವುದು ಕ್ಯಾಶ್, ರ‍್ಯಾಮ್, ಬ್ರಾಂಚ್ ಊಹೆಗಳ (ಕೋಡ್ ಮುಂದೆ ಯಾವ ದಾರಿ ಹಿಡಿಯುತ್ತದೆ ಅನ್ನುವ ಚಿಪ್‌ನ ಅಂದಾಜು) ಮೇಲೆ. ಸಿಸ್‌ಬೆಂಚ್‌ನ ಈ ಲೂಪ್ ರ‍್ಯಾಮ್ ಕಡೆ ತಿರುಗಿಯೂ ನೋಡುವುದಿಲ್ಲ. ಸಾಲದ್ದಕ್ಕೆ, ಏನೂ ಹೇಳದಿದ್ದರೆ ಅದು ಒಂದೇ ಥ್ರೆಡ್‌ನಲ್ಲಿ 10 ಸೆಕೆಂಡ್ ಓಡಿ ನಿಲ್ಲುತ್ತದೆ. 15 ವ್ಯಾಟ್‌ನ ಚಿಪ್ ಟರ್ಬೊದಲ್ಲಿ ಮೆರೆಯುವುದೇ ಮೊದಲ ಅರ್ಧ ನಿಮಿಷದೊಳಗೆ. ಆಮೇಲೆ ಎಲ್ಲ ಕೋರ್‌ಗೂ ಕೆಲಸ ಬಿದ್ದರೆ ಅದು ಏದುಸಿರು ಬಿಡುತ್ತದೆ, ವೇಗ ಇಳಿಯುತ್ತದೆ. 65 ವ್ಯಾಟ್‌ನ ಡೆಸ್ಕ್‌ಟಾಪ್ ಹಾಗೆ ಇಳಿಯುವುದಿಲ್ಲ.

ಹಾಗಾಗಿ "ಯಾವುದು ವೇಗ" ಅನ್ನೋ ಪ್ರಶ್ನೆಯನ್ನೇ ಬಿಡಿ, ನಿಮ್ಮ ಕೆಲಸ ಯಾವುದರಲ್ಲಿ ಬೇಗ ಮುಗಿಯುತ್ತದೆ ಅಂತ ನೋಡಿ. ನೀವು ಕೋಡ್ ಕಂಪೈಲ್ ಮಾಡುವವರಾದರೆ ಎರಡೂ ಕಡೆ ಒಂದೇ ಕರ್ನಲ್ ಸೋರ್ಸ್, ಡೆಫ್‌ಕಾನ್ಫಿಗ್ (ಕರ್ನಲ್‌ನ ಡಿಫಾಲ್ಟ್ ಸೆಟ್ಟಿಂಗ್), ಒಂದೇ ಆವೃತ್ತಿಯ ಜಿಸಿಸಿ ಇರಲಿ. ಸೋರ್ಸನ್ನು ಟಿಎಂಪಿಎಫ್‌ಎಸ್‌ನಲ್ಲಿ (ರ‍್ಯಾಮ್‌ನೊಳಗೇ ಇರುವ ಫೋಲ್ಡರ್) ಬಿಚ್ಚಿ, ಇಲ್ಲದಿದ್ದರೆ ಎಸ್‌ಎಸ್‌ಡಿ ವೇಗವೂ ಲೆಕ್ಕಕ್ಕೆ ಸೇರುತ್ತದೆ. ಥ್ರೆಡ್ ಎಷ್ಟಿವೆಯೋ ಅಷ್ಟು ಜಾಬ್ (ಒಟ್ಟಿಗೆ ನಡೆಯುವ ಕಂಪೈಲ್ ಕೆಲಸ) ಕೊಟ್ಟು ನಾಲ್ಕು ಸಲ ಓಡಿಸಿ, ಪ್ರತಿ ಸಲಕ್ಕೂ ಮೊದಲು ಮೇಕ್ ಕ್ಲೀನ್ ಕೊಟ್ಟು ಹಿಂದಿನ ಬಿಲ್ಡ್ ಅಳಿಸಿ. ಮೊದಲನೇ ಸಲದ ಸಮಯ ಬಿಟ್ಟುಬಿಡಿ. ಪಕ್ಕದ ಟರ್ಮಿನಲ್‌ನಲ್ಲಿ ಚಿಪ್‌ನ ವೇಗ ತೋರಿಸುವ ಟರ್ಬೊಸ್ಟ್ಯಾಟ್ ತೆರೆದಿರಲಿ. ಮೆಗಾಹರ್ಟ್ಸ್ ಎಷ್ಟನೇ ಸೆಕೆಂಡಿಗೆ ಕುಸಿಯಿತು ಅನ್ನುವುದೇ ಅರ್ಧ ಉತ್ತರ.

ಗವರ್ನರ್ (ಚಿಪ್ ಎಷ್ಟು ವೇಗದಲ್ಲಿ ಓಡಬೇಕು ಅನ್ನುವ ಲಿನಕ್ಸ್ ಸೆಟ್ಟಿಂಗ್) ಎರಡರಲ್ಲೂ ಪರ್ಫಾರ್ಮೆನ್ಸ್‌ಗೆ ಹಾಕಿ. ಇಂಟೆಲ್ ಪಿಸ್ಟೇಟ್ ಡ್ರೈವರ್‌ನಲ್ಲಿ ಪವರ್‌ಸೇವ್ ಇದ್ದರೂ ಬೇಕಾದಾಗ ವೇಗ ಏರುತ್ತದೆ; ಹಳೆಯ ಎಸಿಪಿಐ ಡ್ರೈವರ್‌ನಲ್ಲಿ ಅದೇ ಹೆಸರಿನ ಗವರ್ನರ್ ಅತಿ ಕಡಿಮೆ ವೇಗಕ್ಕೇ ಕಟ್ಟಿಹಾಕುತ್ತದೆ. ರ‍್ಯಾಮ್ ಒಂದರಲ್ಲಿ ಒಂದೇ ಸ್ಟಿಕ್, ಇನ್ನೊಂದರಲ್ಲಿ ಎರಡು ಇದ್ದರೂ ಹೋಲಿಕೆ ಕೆಟ್ಟಂತೆ.

ಲಿನಕ್ಸ್ ತೋರಿಸುವ ಬೋಗೋಮಿಪ್ಸ್ ಅನ್ನುವ ಅಂಕಿಯ ಕಡೆ ಅಂತೂ ಹೋಗಲೇಬೇಡಿ. ಈಗಿನ ಇಂಟೆಲ್ ಚಿಪ್‌ಗಳಲ್ಲಿ ಅದು ಟೈಮ್‌ಸ್ಟ್ಯಾಂಪ್ ಕೌಂಟರ್‌ನ (ಚಿಪ್‌ನೊಳಗೆ ಒಂದೇ ವೇಗದಲ್ಲಿ ಎಣಿಸುವ ಗಡಿಯಾರ) ಮೆಗಾಹರ್ಟ್ಸ್‌ನ ದುಪ್ಪಟ್ಟು, ಅಷ್ಟೇ.